201ನೇ ಯೂನಿಟ್‌ಗೆ ಎಷ್ಟು ರೂಪಾಯಿ?

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ ಸ್ವಂತ ಮನೆ. ಅತ್ತೆ, ಮಾವ, ನಾವಿಬ್ಬರು, ಡಿಗ್ರಿ ಓದುವ ಮಗ, ಹೀಗೆ ಐದು ಜನ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲೋ, ನೂರು ರೂಪಾಯಿ ಒಳಗೋ ಬರುತ್ತಿತ್ತು. 2025ರ ಮೇ ತಿಂಗಳಲ್ಲಿ 206 ಯೂನಿಟ್ ಆಗಿ 1,800 ರೂಪಾಯಿಗೂ ಜಾಸ್ತಿ ಕಟ್ಟಿದೆವು. ಮಗ ಆನ್‌ಲೈನಿನಲ್ಲಿ ‘ಪವರ್ ಸೇವರ್’ ಬುಕ್ ಮಾಡಿದ್ದಾನೆ, ಅದನ್ನು ಪ್ಲಗ್ಗಿಗೆ ಹಾಕಿದರೆ ಬಿಲ್ ಅರ್ಧ ಆಗುತ್ತದಂತೆ. ಮಾವ ಗೀಸರ್ ಕಿತ್ತು ಹಾಕಿ ಅಂತಾರೆ. ಅತ್ತೆ ಮೊಬೈಲ್ ಚಾರ್ಜರ್ ಕಂಡರೆ ಆರಿಸುತ್ತಾರೆ. ನನಗೆ ಹೊಸ ಡಿಜಿಟಲ್ ಮೀಟರ್ ಮೇಲೇ ಅನುಮಾನ. ಪಕ್ಕದ ಮನೆಯವರು ಸೋಲಾರ್ ಹಾಕಿಸಿ, ಗ್ಯಾಸ್ ಬಿಟ್ಟು ಇಂಡಕ್ಷನ್ ತಗೊಳ್ಳಿ ಅಂತಾರೆ. ಮನೆಯಲ್ಲಿ ಮೂರು ಫ್ಯಾನ್, ಗೀಸರ್, 12 ವರ್ಷದ ಫ್ರಿಜ್, ವಾಷಿಂಗ್ ಮಷಿನ್, ಸಂಪಿನ ಮೋಟರ್ ಇವೆ. ಅತ್ತೆ ಮಾವನವರ ಕೋಣೆಯ ಫ್ಯಾನ್ ದಿನಕ್ಕೆ 15 ಗಂಟೆ ಓಡುತ್ತದೆ. ಗೀಸರ್ ಬೆಳಗ್ಗೆ ಐದೂವರೆಗೆ ಹಾಕಿದರೆ ಮಧ್ಯಾಹ್ನ ನೆನಪಾದಾಗ ಆರಿಸುತ್ತೇವೆ. ಬಿಲ್, ಮೀಟರಿನ ಫೋಟೋ ಕಳಿಸಿದ್ದೇನೆ. ಟಿವಿಯೂ ಇದೆ. ಕರೆಂಟ್ ಹೋದರೂ ಟಿವಿ ನಿಲ್ಲಬಾರದು, ಮಾವನವರಿಗೆ ಸಿಟ್ಟು ಬರುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಬಿಲ್ ಹೇಗಾಯಿತು ಅಂತ ನೋಡೋಣ. ನಿಮಗೆ ಬೇಕಾದ ಉತ್ತರದಲ್ಲಿ ಅರ್ಧ ಅಲ್ಲೇ ಇದೆ.

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಪಾಲು. ನೀವು ಕಳಿಸಿದ ಬಿಲ್ಲಿನ ಪ್ರಕಾರ ಸರಾಸರಿ 170, ಪಾಲು 187. ಅಲ್ಲಿಯವರೆಗೆ ಸೊನ್ನೆ. 187 ದಾಟಿ 200ರ ಒಳಗಿದ್ದರೆ ಜಾಸ್ತಿಯಾದ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಈಗ ಲೆಕ್ಕ ಹಾಕಿ. ಏಪ್ರಿಲ್ 2025ರಿಂದ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ ಇತ್ತು. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು 36 ಪೈಸೆ. ಶೇ 9 ತೆರಿಗೆ. ಎಲ್ಲಾ ಸೇರಿ ಯೂನಿಟ್‌ಗೆ ಸುಮಾರು 6.70. ಇದಲ್ಲದೆ ಒಂದು ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ ಇತ್ತು. ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಅಂದರೆ 435. ಕಲ್ಲಿದ್ದಲು, ವಿದ್ಯುತ್ ಖರೀದಿಯ ಖರ್ಚು ಹೆಚ್ಚು ಕಡಿಮೆಯಾದ ಹಾಗೆ ತಿಂಗಳು ತಿಂಗಳು ಬದಲಾಗುವ ಹೊಂದಾಣಿಕೆ ಶುಲ್ಕ ಬೇರೆ. ಅದನ್ನು ಬಿಟ್ಟರೂ 206 ಯೂನಿಟ್‌ಗೆ 1,811 ರೂಪಾಯಿ ಆಗುತ್ತದೆ. ಬಿಲ್ಲಿನಲ್ಲಿ ಮೋಸ ಇಲ್ಲ.

ನೀವು 199ಕ್ಕೆ ನಿಂತಿದ್ದರೆ? 12 ಯೂನಿಟ್‌ಗೆ ಮಾತ್ರ ಕಟ್ಟಬೇಕಿತ್ತು, ಹೆಚ್ಚೂ ಕಡಿಮೆ 80 ರೂಪಾಯಿ. 201 ಆಗಿದ್ದರೆ 1,778. ನಡುವೆ ಇರುವುದು ಎರಡು ಯೂನಿಟ್, 1,700 ರೂಪಾಯಿ. ಎರಡು ಯೂನಿಟ್ ಅಂದರೆ ನಿಮ್ಮ ಗೀಸರ್ ಒಂದು ಗಂಟೆ ಉರಿದಷ್ಟು! ನನ್ನನ್ನು ಕೇಳಿದರೆ ಯೋಜನೆಯ ಈ ಭಾಗ ಸರಿಯಿಲ್ಲ. ಮೆಟ್ಟಿಲು ಇರಬೇಕಾದ ಜಾಗದಲ್ಲಿ ಗೋಡೆ ಕಟ್ಟಿದ್ದಾರೆ. ಅತ್ತ 60 ಯೂನಿಟ್ ಪಾಲಿರುವ ಮನೆಯವರು 40ಕ್ಕೆ ಇಳಿಸಿದರೂ ಅವರಿಗೆ ಒಂದು ಪೈಸೆ ಲಾಭವಿಲ್ಲ. ಇರಲಿ, ನಿಯಮ ಬರೆಯುವುದು ನಾನೂ ಅಲ್ಲ, ನೀವೂ ಅಲ್ಲ.

ಹಾಗಾಗಿ ನಿಮ್ಮ ಮನೆಯ ಮಟ್ಟಿಗೆ ಬಿಲ್ ಅರ್ಧ ಮಾಡುವ ಮಾತೇ ಬೇಡ. ತಿಂಗಳಿಗೆ 20 ಯೂನಿಟ್ ಇಳಿದರೆ ಸಾಕು. ಅಷ್ಟಕ್ಕೆ ಗೀಸರ್ ಕೀಳಬೇಕಾಗಿಲ್ಲ, ಚಾರ್ಜರ್ ಹಿಂದೆ ಓಡಾಡಬೇಕಾಗಿಲ್ಲ.

ಚಾರ್ಜರ್ ವಿಷಯ ಮುಗಿಸಿಬಿಡೋಣ. ಈಗಿನ ಫೋನಿನ 5,000 ಎಂಎಎಚ್ ಬ್ಯಾಟರಿ ಖಾಲಿಯಿಂದ ಪೂರ್ತಿ ತುಂಬಿದರೆ ಒಂದು ಯೂನಿಟ್‌ನ ನಲವತ್ತನೇ ಒಂದು ಭಾಗದಷ್ಟು ಕರೆಂಟ್ ಹಿಡಿಯುತ್ತದೆ. ನಲವತ್ತು ಸಲ ತುಂಬಿಸಿದರೆ ಒಂದು ಯೂನಿಟ್. ಫೋನ್ ಇಲ್ಲದೆ ಸುಮ್ನೆ ಪ್ಲಗ್ಗಿನಲ್ಲಿ ಕೂತ ಚಾರ್ಜರ್ ಎಳೆಯುವುದು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಅತ್ತೆಯವರಿಗೆ ಇದನ್ನು ಹೇಳಲು ಹೋಗಬೇಡಿ. ಆರಿಸುವ ಅಭ್ಯಾಸ ಒಳ್ಳೆಯದೇ, ಅವರ ಕಣ್ಣು ಸೆಟ್‌ಟಾಪ್ ಬಾಕ್ಸ್ ಕಡೆ ತಿರುಗಿದರೆ ಇನ್ನೂ ಒಳ್ಳೆಯದು. ರಿಮೋಟಿನಲ್ಲಿ ಟಿವಿ ಆರಿಸಿದ ಮೇಲೂ ಆ ಡಬ್ಬಿ ಬೆಚ್ಚಗೇ ಇರುತ್ತದೆ, ಕೈ ಇಟ್ಟು ನೋಡಿ. ಹತ್ತು ವ್ಯಾಟ್ ಅಂತ ಹಿಡಿದರೂ ದಿನಪೂರ್ತಿ ಇದ್ದರೆ ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ ಆರಿಸಿದರೆ ಅದರಲ್ಲಿ ಬಹುಪಾಲು ಉಳಿಯುತ್ತದೆ, ಖರ್ಚು ಸೊನ್ನೆ.

ಇನ್ನು ಪವರ್ ಸೇವರ್. ಇಂಥದೊಂದನ್ನು ನನ್ನ ಮೇಜಿನ ಮೇಲೆ ಸ್ಕ್ರೂ ಬಿಚ್ಚಿ ನೋಡಿದ್ದೇನೆ. ಒಳಗೆ ಹೆಬ್ಬೆರಳು ಗಾತ್ರದ ಒಂದು ಕೆಪಾಸಿಟರ್ (ಕರೆಂಟನ್ನು ಗಳಿಗೆ ಹೊತ್ತು ಹಿಡಿದಿಟ್ಟು ವಾಪಸ್ ಕೊಡುವ ಬಿಡಿಭಾಗ), ಒಂದು ರೆಸಿಸ್ಟರ್, ಹೊರಗೆ ಹಸಿರಾಗಿ ಹೊಳೆಯಲಿ ಅಂತ ಎರಡು ಎಲ್‌ಇಡಿ. ಇಷ್ಟೇ. ತೂಕ ಬರಲಿ ಅಂತಲೋ ಏನೋ, ಕೆಳಗೆ ಗೋಂದಿನಂಥದ್ದು ಸುರಿದಿದ್ದರು.

ಅದು ಮಾಡುವುದಾದರೂ ಏನು? ಫ್ಯಾನು, ಮೋಟರು, ಫ್ರಿಜ್ಜು ಲೈನಿನಿಂದ ಸ್ವಲ್ಪ ಕರೆಂಟನ್ನು ಕೈಸಾಲ ತೆಗೆದುಕೊಂಡ ಹಾಗೆ ತೆಗೆದುಕೊಂಡು, ಮರುಕ್ಷಣವೇ ವಾಪಸ್ ಕೊಡುತ್ತಾ ಇರುತ್ತವೆ. ಸೆಕೆಂಡಿಗೆ ನೂರು ಸಲ ಈ ಕೊಡು ಕೊಳ್ಳು ನಡೆಯುತ್ತದೆ. ಕೆಪಾಸಿಟರ್ ಹಾಕಿದರೆ ಆ ಸಾಲ ಲೈನಿನ ಬದಲು ಕೆಪಾಸಿಟರ್ ಕೈಯಿಂದ ಸಿಗುತ್ತದೆ. ಆದರೆ ಮನೆ ಮೀಟರ್ ಯಾವತ್ತೂ ಕೈಸಾಲಕ್ಕೆ ದುಡ್ಡು ಹಾಕುವುದಿಲ್ಲ. ನಿಜವಾಗಿ ಖರ್ಚಾದದ್ದನ್ನು ಮಾತ್ರ ಎಣಿಸುತ್ತದೆ. ಹಾಕದ ದುಡ್ಡನ್ನು ಉಳಿಸುವುದು ಹೇಗೆ?

ಎಗ್ಜಿಬಿಷನ್‌ಗಳಲ್ಲಿ ಇದನ್ನು ಮಾರುವವರು ಒಂದು ಸಣ್ಣ ಮೋಟರ್ ಓಡಿಸಿ, ಪಕ್ಕದಲ್ಲಿ ಆಂಪಿಯರ್ ಮೀಟರ್ ಇಟ್ಟಿರುತ್ತಾರೆ. ಡಬ್ಬಿ ಸಿಕ್ಕಿಸಿದ ಕೂಡಲೇ ಮುಳ್ಳು ಇಳಿಯುತ್ತದೆ, ಜನ ಬೆರಗಾಗುತ್ತಾರೆ. ಮುಳ್ಳು ನಿಜವಾಗಿಯೂ ಇಳಿಯುತ್ತದೆ, ಅದು ಕಣ್ಕಟ್ಟಲ್ಲ. ಇಳಿದದ್ದು ಆಂಪಿಯರ್, ವ್ಯಾಟ್ ಅಲ್ಲ. ಯೂನಿಟ್ ಅಂದರೆ ವ್ಯಾಟಿನ ಲೆಕ್ಕ, ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಕೆಪಾಸಿಟರ್ ದಂಡದ ವಸ್ತು ಅಂತ ನಾನು ಹೇಳುತ್ತಿಲ್ಲ. ರೈತರ ಪಂಪ್‌ಸೆಟ್ಟಿಗೆ ಅದು ಬೇಕು, ಲೈನಿನ ಮೇಲಿನ ಭಾರ ಇಳಿಯುತ್ತದೆ. ಪವರ್ ಫ್ಯಾಕ್ಟರ್ ಕಡಿಮೆಯಾದರೆ, ಅಂದರೆ ಈ ಕೈಸಾಲ ಅತಿಯಾದರೆ, ದಂಡ ಕಟ್ಟುವ ಕಾರ್ಖಾನೆಗಳಿಗೂ ಬೇಕು. ನಿಮ್ಮ ಹಾಲಿನ ಪ್ಲಗ್ಗಿಗೆ ಬೇಡ.

ಮೀಟರ್ ಮೇಲಿನ ಅನುಮಾನ ಹೊಸದಲ್ಲ. ಚಕ್ರ ತಿರುಗುವ ಹಳೇ ಮೀಟರ್ ತೆಗೆದು ಡಿಜಿಟಲ್ ಹಾಕಿದ ಪ್ರತಿ ಬೀದಿಯಲ್ಲೂ ‘ಇದು ಓಡ್ತದೆ’ ಅನ್ನುವ ದೂರು ಕೇಳಿದ್ದೇನೆ. ಸತ್ಯ ಏನಂದರೆ, ಸವೆದ ಹಳೇ ಚಕ್ರ ಸಣ್ಣ ಪುಟ್ಟ ಲೋಡಿಗೆ ಅಲುಗಾಡುತ್ತಲೇ ಇರಲಿಲ್ಲ. ಹೊಸದು ಐದು ವ್ಯಾಟನ್ನೂ ಬಿಡದೆ ಎಣಿಸುತ್ತದೆ. ಆದರೆ ನನ್ನ ಮಾತು ನಂಬಬೇಕಾಗಿಲ್ಲ, ನೀವೇ ಪರೀಕ್ಷೆ ಮಾಡಬಹುದು.

ಮೀಟರ್ ಮುಂದೆ ಮಿಣುಕುವ ಒಂದು ಕೆಂಪು ದೀಪ ಇರುತ್ತದೆ. ಅದರ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಅಚ್ಚಾಗಿರುತ್ತದೆ. ನೀವು ಕಳಿಸಿದ ಫೋಟೋದಲ್ಲಿ 3200 ಅಂತ ಕಾಣುತ್ತದೆ. ಅಂದರೆ 3,200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯಲ್ಲಿ ಎಲ್ಲವನ್ನೂ ಪ್ಲಗ್ಗಿನಿಂದ ಕಿತ್ತು, ಹಳೇ 100 ವ್ಯಾಟಿನ ಬುರುಡೆ ಬಲ್ಬ್ ಒಂದನ್ನೇ ಉರಿಸಿ. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇದ್ದರೆ ಅದರ ಪ್ಲಗ್ಗನ್ನೂ ಕಿತ್ತು, ಯುಪಿಎಸ್ಸನ್ನೇ ಆರಿಸಿಡಬೇಕು. ಬಲ್ಬ್ ಯುಪಿಎಸ್ ಲೈನಿನದು ಆಗಿರಬಾರದು, ಇಲ್ಲದಿದ್ದರೆ ಮೀಟರ್ ಏನನ್ನೂ ತೋರಿಸುವುದಿಲ್ಲ. ಮಗನ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಡಿ. ಹತ್ತು ಮಿಣುಕಿಗೆ ಸುಮಾರು 112 ಸೆಕೆಂಡ್ ಆಗಬೇಕು. ನೂರಕ್ಕೋ ನೂರ ಇಪ್ಪತ್ತಕ್ಕೋ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ವೋಲ್ಟೇಜ್ ಏರಿಳಿದ ಹಾಗೆ ಬಲ್ಬಿನ ವ್ಯಾಟೂ ಬದಲಾಗುತ್ತದೆ. ಎಪ್ಪತ್ತಕ್ಕೇ ಮುಗಿದರೆ ಮಾತ್ರ ಸಬ್ ಡಿವಿಷನ್ ಕಚೇರಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಮಾಡಿಸಿ.

ಈ ಪರೀಕ್ಷೆಯ ಎರಡನೇ ಭಾಗವೇ ನನಗೆ ಮುಖ್ಯ. ರಾತ್ರಿ ಎಲ್ಲರೂ ಮಲಗುವ ಮುಂಚೆ ಫ್ಯಾನು, ದೀಪ, ಟಿವಿ ಎಲ್ಲಾ ಸ್ವಿಚ್ ಆರಿಸಿ. ಫ್ರಿಜ್ ಹತ್ತು ನಿಮಿಷ ಆರಿಸಿದರೆ ಹಾಲು ಕೆಡುವುದಿಲ್ಲ. ಯುಪಿಎಸ್ ಇದ್ದರೆ ಈ ಸಲ ಅದನ್ನು ಮುಟ್ಟಬೇಡಿ. ಈಗ ಮೀಟರ್ ಮುಂದೆ ನಿಲ್ಲಿ. ಎಲ್ಲಾ ಆರಿಸಿದ ಮೇಲೂ ಕೆಂಪು ದೀಪ ಮಿಣುಕುತ್ತಿದೆಯಾ? ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, 1,125ನ್ನು (3200 ಅಂತ ಅಚ್ಚಾದ ಮೀಟರಿಗೆ ಈ ಲೆಕ್ಕ) ಆ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವೇ ಯಾರಿಗೂ ಕಾಣದೆ ಓಡುತ್ತಿರುವ ವ್ಯಾಟ್.

ನಮ್ಮ ಮನೆಯಲ್ಲೇ ಇದನ್ನು ಮಾಡಿ ನಾನು ಪೆಚ್ಚಾಗಿದ್ದೆ. ಎಲ್ಲಾ ಆರಿಸಿದ್ದರೂ 28 ಸೆಕೆಂಡಿಗೊಂದು ಮಿಣುಕು. 40 ವ್ಯಾಟ್! ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 29. ಒಂದೊಂದಾಗಿ ಎಂಸಿಬಿ, ಅಂದರೆ ಒಂದೊಂದು ಲೈನಿನ ಮೇನ್ ಸ್ವಿಚ್, ಇಳಿಸುತ್ತಾ ಹೋದೆ. ಮೆಟ್ಟಿಲ ಕೆಳಗಿನ ಲೈನ್ ಇಳಿಸಿದಾಗ ಮಿಣುಕು ನಿಂತಿತು. ಅಲ್ಲಿದ್ದದ್ದು ಯುಪಿಎಸ್. ಬ್ಯಾಟರಿಗೆ ಆರು ವರ್ಷ ದಾಟಿತ್ತು. ಪೂರ್ತಿ ತುಂಬಲೇ ಆಗದಷ್ಟು ಹಳತಾಗಿ, ದಿನವಿಡೀ ಚಾರ್ಜ್ ಕುಡಿಯುತ್ತಾ ಬಿಸಿಯಾಗುತ್ತಿತ್ತು. ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ, ಆಗಲೇ ಅನುಮಾನ ಬರಬೇಕಿತ್ತು. ಊರಿನವರಿಗೆಲ್ಲಾ ಬುದ್ಧಿ ಹೇಳುವ ನನಗೆ ನಮ್ಮ ಮೆಟ್ಟಿಲ ಕೆಳಗಿನದು ಕಂಡಿರಲಿಲ್ಲ. ಬ್ಯಾಟರಿ ಬದಲಿಸಿದ ಮೇಲೆ 60 ಸೆಕೆಂಡ್ ದಾಟಿತು, ಅರ್ಧಕ್ಕಿಂತ ಕಡಿಮೆ.

ನಿಮ್ಮ ಪಟ್ಟಿಯಲ್ಲಿ ಯುಪಿಎಸ್ ಬರೆದಿಲ್ಲ. ಆದರೆ ಕರೆಂಟ್ ಹೋದರೂ ಟಿವಿ ನಡೆಯಬೇಕು ಅಂತ ಬರೆದಿದ್ದೀರಿ. ಹಾಗಾದರೆ ಅದು ಮನೆಯಲ್ಲಿ ಎಲ್ಲೋ ಇದೆ, ನೀವು ಮರೆತಿದ್ದೀರಿ. ಎಲ್ಲರೂ ಮರೆಯುವುದು ಅದನ್ನೇ. ಬ್ಯಾಟರಿ ಎಷ್ಟು ವರ್ಷದ್ದು ನೋಡಿ.

ಈಗ ಮಾವನವರ ಗೀಸರ್. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು ಏಪ್ರಿಲ್‌ನಲ್ಲಿ 27 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 0.3 ಯೂನಿಟ್ ಬೇಕು. ಐದು ಜನಕ್ಕೆ ದಿನಕ್ಕೆ ಒಂದೂವರೆ, ತಿಂಗಳಿಗೆ 45. ಡಿಸೆಂಬರ್‌ನಲ್ಲಿ ನೀರು 20 ಡಿಗ್ರಿಗೆ ಇಳಿದಾಗ, ಇನ್ನೂ ಸ್ವಲ್ಪ ಬಿಸಿ ಬೇಕು ಅನ್ನಿಸಿದಾಗ, ಬಕೆಟಿಗೆ ಅರ್ಧ ಯೂನಿಟ್, ತಿಂಗಳಿಗೆ 75. ಇದು ಯಾವ ಕಂಪನಿಯ ಗೀಸರ್ ಆದರೂ ಅಷ್ಟೇ. ನೀರು ಬಿಸಿಯಾಗಲು ಬೇಕಾದ ಶಾಖಕ್ಕೆ ರಿಯಾಯಿತಿ ಇಲ್ಲ. ಸ್ಟಾರ್ ಜಾಸ್ತಿ ಇರುವ ಗೀಸರ್ ಉಳಿಸುವುದು ಕಾಯಿಸಿದ ನೀರು ಸುಮ್ನೆ ಕೂತಾಗ ಆರಿಹೋಗುವ ಶಾಖವನ್ನು ಮಾತ್ರ. ನೀವು ಬೆಳಗ್ಗೆ ಐದೂವರೆಗೆ ಹಾಕಿ ಮಧ್ಯಾಹ್ನ ನೆನಪಾದಾಗ ಆರಿಸುತ್ತೀರಿ ಅಂತ ಬರೆದಿದ್ದೀರಲ್ಲ, ನಷ್ಟ ಇರುವುದು ಅಲ್ಲಿ. ಹಳೇ 25 ಲೀಟರ್ ಗೀಸರ್ ದಿನಪೂರ್ತಿ ಆನ್ ಇದ್ದರೆ ಒಂದು ಯೂನಿಟ್ ಆಸುಪಾಸು ಹೀಗೇ ಹೋಗುತ್ತದೆ. ಕೊನೆಯವರ ಸ್ನಾನಕ್ಕೆ ಹತ್ತು ನಿಮಿಷ ಮುಂಚೆಯೇ ಆರಿಸಿ, ತೊಟ್ಟಿಯಲ್ಲಿ ಉಳಿದ ಬಿಸಿನೀರೇ ಸಾಕು. ಥರ್ಮೋಸ್ಟಾಟ್ 50ರ ಹತ್ತಿರ ಇಡಿ. ಎಪ್ಪತ್ತಕ್ಕೆ ಕಾಯಿಸಿ, ಆಮೇಲೆ ತಣ್ಣೀರು ಬೆರೆಸುವುದು ಯಾಕೆ?

ಬೋರ್‌ವೆಲ್ ನೀರಿನಿಂದ ಎಲಿಮೆಂಟ್ ಮೇಲೆ ಬಿಳಿ ಪದರ ಕಟ್ಟಿ ಕರೆಂಟ್ ಡಬಲ್ ಎಳೆಯುತ್ತದೆ ಅಂತ ಸರ್ವಿಸ್ ಹುಡುಗರು ಹೆದರಿಸುತ್ತಾರೆ. ಅಷ್ಟೇನಿಲ್ಲ. ಎಲಿಮೆಂಟ್ ನೀರಿನ ಒಳಗೇ ಇರುವುದರಿಂದ ಶಾಖ ತಡವಾಗಿಯಾದರೂ ನೀರಿಗೇ ಹೋಗುತ್ತದೆ. ಪದರದಿಂದ ಹಾಳಾಗುವುದು ಎಲಿಮೆಂಟ್, ಅದು ಒಳಗೊಳಗೇ ಕಾದು ಸುಟ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಕೆರೆಸಿ, ಬಾಳಿಕೆಗೋಸ್ಕರ.

ಇಷ್ಟಾದ ಮೇಲೂ ನಿಮ್ಮ ಮನೆಯಲ್ಲಿ ದುಡ್ಡು ಖರ್ಚು ಮಾಡಿ ಬದಲಿಸಬೇಕಾದ ಒಂದೇ ವಸ್ತು ಯಾವುದು ಅಂತ ಕೇಳಿದರೆ, ಅತ್ತೆ ಮಾವನವರ ಕೋಣೆಯ ಫ್ಯಾನ್ ಅಂತೀನಿ. ದಿನಕ್ಕೆ 15 ಗಂಟೆ ಓಡುತ್ತದೆ ಅಂತ ನೀವೇ ಬರೆದಿದ್ದೀರಿ. ಹಳೇ ಫ್ಯಾನ್ ಐದರಲ್ಲಿ ಓಡಿದಾಗ 75 ವ್ಯಾಟ್ ಹಿಡಿಯುತ್ತದೆ. ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಮೋಟರಿನದು) ಅಷ್ಟೇ ಗಾಳಿಗೆ 30ರ ಆಸುಪಾಸು. 45 ವ್ಯಾಟ್ ವ್ಯತ್ಯಾಸ, 15 ಗಂಟೆ, 30 ದಿನ: 20 ಯೂನಿಟ್. 206ರಲ್ಲಿ 20 ಕಳೆಯಿರಿ. 186. ನಿಮ್ಮ ಪಾಲು 187!

ಮೂರೂ ಫ್ಯಾನ್ ಬದಲಿಸಿ ಅಂತ ಅಂಗಡಿಯವರು ಹೇಳಬಹುದು. ಬೇಡ. ದಿನಕ್ಕೆ ಐದು ಗಂಟೆ ಓಡುವ ಹಾಲಿನ ಫ್ಯಾನ್ ಬದಲಿಸಿದರೆ ಸಿಗುವುದು 7 ಯೂನಿಟ್ ಕೂಡ ಇಲ್ಲ. ಅದು ಕೆಟ್ಟಾಗ ನೋಡಿಕೊಳ್ಳಿ. ಕೊಳ್ಳುವಾಗ ಸ್ಟಾರ್ ಲೇಬಲ್ ನೋಡಿ, 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ. ಇನ್ನೊಂದು ಮಾತು, ಬಿಎಲ್‌ಡಿಸಿ ಫ್ಯಾನನ್ನು ಗೋಡೆಯ ಹಳೇ ರೆಗ್ಯುಲೇಟರ್ ಮೂಲಕ ಓಡಿಸಬಾರದು, ಒಳಗಿನ ಸರ್ಕ್ಯೂಟ್ ಸುಡುತ್ತದೆ. ಎಲೆಕ್ಟ್ರಿಶಿಯನ್‌ಗೆ ಹೇಳಿ ರೆಗ್ಯುಲೇಟರ್ ಬೈಪಾಸ್ ಮಾಡಿಸಿ. ರಿಮೋಟ್ ಅಂದರೆ ಮಾವನವರು ಗೊಣಗಬಹುದು, ದಿಂಬಿನ ಕೆಳಗೆ ಕಳೆದೂ ಹೋಗುತ್ತದೆ. ಗೋಡೆಯ ಮೇಲೆ ತಿರುಗಿಸುವ ರೆಗ್ಯುಲೇಟರ್ ಜೊತೆಗೇ ಬರುವ ಮಾದರಿಗಳೂ ಇವೆ, ಕೇಳಿ ನೋಡಿ.

ಫ್ರಿಜ್ ಹನ್ನೆರಡು ವರ್ಷದ್ದು, ತಿಂಗಳಿಗೆ 35ರ ಹತ್ತಿರ ತಿನ್ನುತ್ತಿರಬಹುದು. ಆದರೂ ಓಡುವ ಫ್ರಿಜ್ ಬಿಸಾಡಿ ಹೊಸದು ತರುವ ಲೆಕ್ಕ ಈಗ ಹೊಂದುವುದಿಲ್ಲ. ಬಾಗಿಲ ರಬ್ಬರ್ ಸಡಿಲವಾಗಿದ್ದರೆ ಅದನ್ನು ಬದಲಿಸಿ. ಮೋಟರ್ ಬಗ್ಗೆ ಹೇಳುವುದು ಒಂದೇ, ಟ್ಯಾಂಕ್ ತುಂಬಿ ಸೂರಿನಿಂದ ನೀರು ಬಿದ್ದ ಶಬ್ದ ಕೇಳಿದ ಮೇಲೆ ಆರಿಸುವ ಪದ್ಧತಿ ನಿಮ್ಮಲ್ಲಿ ಇದ್ದರೆ ನಿಲ್ಲಿಸಿ.

ಪಕ್ಕದ ಮನೆಯವರ ಇಂಡಕ್ಷನ್ ಸಲಹೆ ನಿಮಗೆ ಒಗ್ಗುವುದಿಲ್ಲ. 14.2 ಕೆಜಿ ಸಿಲಿಂಡರ್ ಒಂದರ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ನನ್ನ ಲೆಕ್ಕದಲ್ಲಿ 130 ಯೂನಿಟ್ ಹತ್ತಿರ ಬೇಕು. 6.70ರಂತೆ 870 ರೂಪಾಯಿ. ಏಪ್ರಿಲ್ 2025ರ ಏರಿಕೆಯ ನಂತರ ಬೆಂಗಳೂರಿನಲ್ಲಿ ಸಿಲಿಂಡರ್ 855.50 ಇತ್ತು. ಎರಡೂ ಒಂದೇ ಅನ್ನಿ. ಆದರೆ ನೀವು ಕೂತಿರುವುದು 200ರ ಅಂಚಿನಲ್ಲಿ. ಇಂಡಕ್ಷನ್ ತಂದರೆ ಪ್ರತಿ ತಿಂಗಳೂ ಗೋಡೆ ದಾಟುತ್ತೀರಿ. ಸಿಲಿಂಡರ್ ಮುಗಿದ ದಿನದ ಕಾಫಿಗೆ ಒಂದು ಇರಲಿ, ಅಷ್ಟು ಸಾಕು.

ಸೋಲಾರ್ ಅಂದರೆ ಯಾವುದು ಅಂತ ಅವರನ್ನು ಕೇಳಿ. ಚಾವಣಿ ಮೇಲೆ ಕರೆಂಟ್ ಮಾಡುವ ಪ್ಯಾನಲ್ಲಾದರೆ, 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ಬಿಸಿಲಿಗೆ ತಿಂಗಳಿಗೆ 350 ಯೂನಿಟ್ ಆಸುಪಾಸು ಬರುತ್ತದೆ. ಪಕ್ಕದ ಮನೆಯವರದು ಅಷ್ಟೇ ಬಳಕೆ, 2,800ರ ಹತ್ತಿರ ಬಿಲ್ ಅಂತಾದರೆ ಅವರಿಗೆ ಅದು ಒಳ್ಳೆಯ ಲೆಕ್ಕ. ನಿಮಗೆ ವರ್ಷದಲ್ಲಿ ಮೂರು ತಿಂಗಳು 200 ದಾಟಿದರೂ ನಷ್ಟ ಐದೂವರೆ ಸಾವಿರ. ಸಿಗುವ ಕೊಟೇಶನ್‌ನಿಂದ 78,000 ಕಳೆದು, ಉಳಿದದ್ದನ್ನು ಐದೂವರೆ ಸಾವಿರದಿಂದ ಭಾಗಿಸಿ ನೋಡಿ, ಎಷ್ಟು ವರ್ಷ ಅಂತ ಗೊತ್ತಾಗುತ್ತದೆ. ನೀರು ಕಾಯಿಸುವ ಸೋಲಾರ್ ಆದರೆ ಮಾತು ಬೇರೆ. ಐದು ಜನರ ಸ್ನಾನದ ಮನೆಗೆ ಅದು ಒಪ್ಪುತ್ತದೆ, ಚಳಿಗಾಲದ 75 ಯೂನಿಟ್‌ನಲ್ಲಿ ಬಹುಪಾಲು ಹೋಗುತ್ತದೆ. ಗೀಸರ್ ಕೆಟ್ಟ ದಿನ ಹೊಸ ಗೀಸರ್ ಬದಲು ಇದನ್ನು ಯೋಚಿಸಿ. ಗಡಸು ನೀರಾದರೆ ಗಾಜಿನ ಕೊಳವೆಯದು ತೊಳೆಯಲು ಸುಲಭ, ತಾಮ್ರದ ಪೈಪಿನದು ಬೇಗ ಕಟ್ಟಿಕೊಳ್ಳುತ್ತದೆ.

ಮೀಟರ್ ರೀಡರ್ ನಿಮ್ಮಲ್ಲಿಗೆ ತಿಂಗಳ ಮೊದಲ ವಾರ ಬರುತ್ತಾರಲ್ಲ, ಅವರು ಬಂದುಹೋದ ದಿನದ ರೀಡಿಂಗನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಇಪ್ಪತ್ತು ದಿನ ಆದ ಮೇಲೆ ಮತ್ತೊಮ್ಮೆ ನೋಡಿ. 130 ದಾಟಿದ್ದರೆ ಉಳಿದ ಹತ್ತು ದಿನ ಗೀಸರ್ ಮೇಲೆ ಒಂದು ಕಣ್ಣಿರಲಿ. ದಾಟಿಲ್ಲವೋ, ಅತ್ತೆಯವರಿಗೆ ಚಾರ್ಜರ್‌ಗಳಿಂದ ರಜೆ ಕೊಡಿ.

ಮಗ ಬುಕ್ ಮಾಡಿದ ಪವರ್ ಸೇವರ್ ಅಷ್ಟರಲ್ಲಿ ಬಂದಿದ್ದರೆ ಡಬ್ಬ ಒಡೆಯಬೇಡಿ. ವಾಪಸ್ ಕಳಿಸಲು ಎಷ್ಟು ದಿನ ಗಡುವು ಅಂತ ಈಗಲೇ ನೋಡಲು ಹೇಳಿ. ಗಡುವು ಮುಗಿದಿದ್ದರೆ ನಾನು ಮಾಡಿದ ಹಾಗೆ ಅವನೇ ಸ್ಕ್ರೂ ಬಿಚ್ಚಿ ನೋಡಲಿ, ಪ್ಲಗ್ಗಿನಿಂದ ತೆಗೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು. ಕೆಪಾಸಿಟರ್ ತುಂಬಿದ್ದರೆ ಕೈಗೆ ಚುರುಕ್ ಅನ್ನಿಸುತ್ತದೆ.